ಇಲಿ ಸತ್ತ ವಾಸನೆ

ಚನ್ನಗಿರಿಯಲ್ಲಿ ಬಾಡಿಗೆ ಮನೆ ಹಿಡಿದು, ಹೊಸ ಸ್ಟೌ ತಂದು, ಮೊದಲ ದಿನವೇ ಅವಲಕ್ಕಿ ಒಗ್ಗರಣೆ ಹಾಕಿದ ಫೋಟೊ ಕಳಿಸಿದೆಯಲ್ಲ, ನೋಡಿ ಹಿಗ್ಗಿದೆ ಮಗಾ. ಆದರೆ ನನ್ನ ಕಣ್ಣು ಅವಲಕ್ಕಿಯ ಮೇಲೆ ನಿಲ್ಲಲಿಲ್ಲ. ಸಿಲಿಂಡರಿನ ಹಿಂದೆ ಗೋಡೆಗೆ ಒತ್ತಿ ಮಡಚಿಕೊಂಡಿದ್ದ ಟ್ಯೂಬಿನ ಮೇಲೆ ನಿಂತಿತು. ಫೋನಿನಲ್ಲಿ ಹೇಳಿದರೆ "ಏನೂ ಆಗಲ್ಲ ಬಿಡಜ್ಜಿ" ಅಂತೀಯ. ಹಾಲು ಉಕ್ಕುವ ತನಕ ಒಲೆ ಮುಂದೆ ನಿಲ್ಲದವನು ನೀನು, ನನ್ನ ಮಾತು ಮುಗಿಯುವ ತನಕ ನಿಲ್ಲುತ್ತೀಯಾ? ಅದಕ್ಕೇ ಬರೆಯುತ್ತಿದ್ದೇನೆ. ಕೂತು ಓದು.

ನ್ಯಾಮತಿಯ ನಮ್ಮ ಮನೆ ನಿನಗೆ ಗೊತ್ತು. ಮೆಕ್ಕೆಜೋಳ ಬಂತೆಂದರೆ ಪಡಸಾಲೆ ತುಂಬ ಚೀಲ, ಚೀಲದ ಸಂದಿಯಲ್ಲೆಲ್ಲ ಇಲಿ. ನೀನಿನ್ನೂ ಹುಟ್ಟದ ಒಂದು ವರ್ಷ, ಅಡುಗೆಮನೆಯಲ್ಲಿ ಕೆಟ್ಟ ವಾಸನೆ ಶುರುವಾಯಿತು. ಇಲಿ ಸತ್ತಿದೆ ಎಂದುಕೊಂಡೆ. ಕಟ್ಟೆಯ ಕೆಳಗೆ ಟಾರ್ಚ್ ಬಿಟ್ಟು ಹುಡುಕಿದೆ, ಡಬ್ಬಿಗಳನ್ನು ಸರಿಸಿದೆ, ಸಿಗಲಿಲ್ಲ. ವಾಸನೆ ಹೋಗಲಿ ಅಂತ ಊದುಬತ್ತಿ ಹಚ್ಚಿಟ್ಟೆ. ಸಂಜೆ ಹೊತ್ತಿಗೆ ಕಡಿಮೆಯಾದಂತೆ ಅನಿಸಿತು, ಸುಮ್ಮನಾದೆ. ಮಾರನೆಯ ಬೆಳಿಗ್ಗೆ ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. "ಅಕ್ಕಾ, ಗ್ಯಾಸ್ ವಾಸ್ನೆ ಹಿಂಗ್ ಬಡೀತೈತೆ, ನಿಮಗೆ ಗೊತ್ತಾಗ್ತಿಲ್ವಾ?"

ನನಗೆ ನಿಜಕ್ಕೂ ಗೊತ್ತಾಗುತ್ತಿರಲಿಲ್ಲ. ವಾಸನೆ ಕಡಿಮೆಯಾಗಿರಲಿಲ್ಲ, ನನ್ನ ಮೂಗು ಅದಕ್ಕೆ ಒಗ್ಗಿಹೋಗಿತ್ತು. ಟ್ಯೂಬಿಗೆ ಜಿಡ್ಡು ಹತ್ತದಿರಲಿ ಅಂತ ಹಳೇ ಸೀರೆಯ ತುಂಡು ಸುತ್ತಿದ್ದವಳು ನಾನೇ. ಬಿಚ್ಚಿ ನೋಡಿದರೆ ಒಳಗೆ ಹಲ್ಲಿನ ಗುರುತು. ಇಲಿ ಸತ್ತಿರಲಿಲ್ಲ, ಟ್ಯೂಬ್ ಕಡಿದು ಹೋಗಿತ್ತು. ಕಿಟಕಿ, ಹಿತ್ತಿಲ ಬಾಗಿಲು ಎರಡೂ ತೆರೆದಿದ್ದವು, ಸೋರಿಕೆ ಸಣ್ಣದಿತ್ತು, ಉಳಿದುಕೊಂಡೆವು. ಆ ಊದುಬತ್ತಿಗೆ ಗೀರಿದ ಕಡ್ಡಿ ನೆನಪಾದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ.

ಆ ವಾಸನೆ ಗ್ಯಾಸಿನದೇ ಅಲ್ಲ, ಗೊತ್ತಾ? ಅಡುಗೆ ಅನಿಲಕ್ಕೆ ತನ್ನದೆಂಬ ವಾಸನೆ ಇಲ್ಲ. ಸೋರಿದರೆ ತಿಳಿಯಲಿ ಅಂತ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಬ್ಬು ನಾರುವ ವಸ್ತುವನ್ನು ಬೇಕೆಂದೇ ಬೆರೆಸುತ್ತಾರೆ. ಅಮೆರಿಕದ ಟೆಕ್ಸಸ್‌ನಲ್ಲಿ ನ್ಯೂ ಲಂಡನ್ ಅಂತ ಒಂದು ಊರು. 1937ರ ಮಾರ್ಚ್ 18ರಂದು ಅಲ್ಲಿನ ಶಾಲೆಯ ಕೆಳಗೆ ಅನಿಲ ಸೋರಿ ತುಂಬಿಕೊಂಡಿತ್ತು. ವಾಸನೆ ಇಲ್ಲದ ಅನಿಲ, ಒಬ್ಬರಿಗೂ ತಿಳಿಯಲಿಲ್ಲ. ವಿದ್ಯುತ್ತಿನ ಒಂದು ಕಿಡಿ ಹಾರಿತು, ಕಟ್ಟಡವೇ ಕುಸಿಯಿತು. ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು. ಅನಿಲಕ್ಕೆ ವಾಸನೆ ಬೆರೆಸಲೇಬೇಕು ಎಂಬ ಕಾನೂನು ಅಲ್ಲಿ ಬಂದದ್ದು ಆಮೇಲೆ. ಅಷ್ಟು ಮಕ್ಕಳನ್ನು ಕಳೆದುಕೊಂಡು ಲೋಕ ಕಲಿತ ವಾಸನೆ ಅದು. ಅದನ್ನು ನಾನು ಊದುಬತ್ತಿಯಿಂದ ಮುಚ್ಚಲು ಹೋಗಿದ್ದೆ. ನೀನು ಹೋಗಬೇಡ. ಹೊರಗಿನಿಂದ ಬಂದವರು ಯಾರಾದರೂ "ಏನೋ ವಾಸನೆ" ಅಂದರೆ, "ನನಗೇನೂ ಬರ್ತಿಲ್ವಲ್ಲ" ಅಂತ ವಾದಕ್ಕೆ ನಿಲ್ಲಬೇಡ. ಆ ಹೊತ್ತಿನಲ್ಲಿ ನಿನ್ನ ಮೂಗಿಗಿಂತ ಅವರ ಮೂಗು ದೊಡ್ಡದು.

ಇನ್ನು ಕೈಯ ವಿಚಾರ. ಕತ್ತಲಲ್ಲಿ ಎದ್ದು ಬಂದೆ, ಗ್ಯಾಸ್ ವಾಸನೆ ಬಡಿಯಿತು ಅಂತಿಟ್ಟುಕೋ. ನಿನ್ನ ಕೈ ಎಲ್ಲಿಗೆ ಹೋಗುತ್ತದೆ ಹೇಳಲೇ? ಲೈಟಿನ ಸ್ವಿಚ್ಚಿಗೆ. ಯೋಚನೆ ಏಳುವ ಮೊದಲೇ ಕೈ ಎದ್ದಿರುತ್ತದೆ, ಅದು ಹುಟ್ಟಿದಾಗಿನಿಂದ ಆದ ರೂಢಿ. ಸ್ವಿಚ್ ಒಳಗೆ ಹಾರುವ ಸಣ್ಣ ಕಿಡಿಯೇ ಸಾಕು, ಹಾಕಿದರೂ ಹಾರುತ್ತದೆ, ಆರಿಸಿದರೂ ಹಾರುತ್ತದೆ. ಹಾಗಾಗಿ ಇದ್ದದ್ದು ಇದ್ದ ಹಾಗೇ ಇರಲಿ. ವಾಸನೆ ಎಳೆದು ಹಾಕಲಿ ಅಂತ ಎಕ್ಸಾಸ್ಟ್ ಫ್ಯಾನ್ ಹಾಕುವ ಜಾಣರಿದ್ದಾರೆ, ನಿನಗೂ ಆ ಜಾಣತನ ಹೊಳೆಯುತ್ತದೆ, ಬೇಡ. ಫ್ರಿಜ್ ಬಾಗಿಲು ಎಳೆಯಬೇಡ, ಫೋನಿನ ಟಾರ್ಚ್ ಬೇಡ. ಮೊದಲು ಕೈ ಕಟ್ಟಿಕೋ, ಆಮೇಲೆ ಕಾಲು ಇಡು.

ಜಗಳೂರಿನ ನಿನ್ನ ಅತ್ತೆ ಒಮ್ಮೆ ಇಂಥದ್ದರಲ್ಲಿ ಸಿಕ್ಕಿದ್ದಳು. ಕರೆಂಟ್ ಹೋಗಿತ್ತು, ಒಳಗೆ ವಾಸನೆ. ನಾನಾಗಿದ್ದರೆ ಕರೆಂಟೇ ಇಲ್ಲವಲ್ಲ ಅಂತ ನೆಮ್ಮದಿಯಾಗಿ ಇದ್ದುಬಿಡುತ್ತಿದ್ದೆ. ಅವಳು ಹಾಗಲ್ಲ. ಕರೆಂಟ್ ಹೋಗುವಾಗ ಹಾಕಿದ್ದ ಸ್ವಿಚ್ಚೆಲ್ಲ ಹಾಕಿದ್ದ ಹಾಗೇ ಇರುತ್ತವೆ, ಬಂದ ಕೂಡಲೇ ಫ್ಯಾನು, ಫ್ರಿಜ್ಜು ತಾವಾಗಿ ಶುರುವಾಗುತ್ತವೆ ಅಂತ ಅವಳಿಗೆ ತಕ್ಷಣ ಹೊಳೆಯಿತು. ಮಕ್ಕಳನ್ನು ಅಂಗಳಕ್ಕೆ ಅಟ್ಟಿ, ಹೊರ ಜಗುಲಿಯಲ್ಲಿದ್ದ ಮೇನ್ ಸ್ವಿಚ್ ಆರಿಸಿಬಿಟ್ಟಳು. ಅದು ಹೊರಗಿತ್ತು, ಆರಿಸಿದಳು. ಮನೆಯೊಳಗಿದ್ದರೆ ಮುಟ್ಟಬಾರದು. ನಿನ್ನ ಬಾಡಿಗೆ ಮನೆಯ ಮೇನ್ ಎಲ್ಲಿದೆ? ಗೊತ್ತಿಲ್ಲ ಅಲ್ಲವಾ?

ವಾಸನೆ ಬಡಿದಾಗ ಸ್ವಿಚ್ಚಿನ ಗೊಡವೆ ಬಿಟ್ಟು ಬಾಗಿಲು ಕಿಟಕಿ ಹಾರು ಹೊಡಿ. ಅದರಲ್ಲೂ ಬಾಗಿಲು ಮುಖ್ಯ. ಈ ಗ್ಯಾಸ್ ಗಾಳಿಗಿಂತ ಭಾರ, ಹೊಗೆಯ ಹಾಗೆ ಮೇಲೇಳುವುದಿಲ್ಲ. ಚೆಲ್ಲಿದ ನೀರಿನ ಹಾಗೆ ನೆಲ ಹಿಡಿದು ಹರಿದು ಕಟ್ಟೆಯ ಕೆಳಗೆ, ಬಚ್ಚಲಿನ ತಗ್ಗಿನಲ್ಲಿ ಕೂರುತ್ತದೆ. ಮೇಲಿನ ಗವಾಕ್ಷಿ ತೆರೆದಿದೆ ಅಂತ ಧೈರ್ಯ ಬೇಡ. ವಾಸನೆ ಸಣ್ಣದಿದ್ದರೆ ರೆಗ್ಯುಲೇಟರ್ ಆಫ್ ಮಾಡಿ ತೆಗೆದು, ಸಿಲಿಂಡರಿಗೆ ದಾರದಲ್ಲಿ ಕಟ್ಟಿರುವ ಪ್ಲಾಸ್ಟಿಕ್ ಮುಚ್ಚಳವನ್ನು ಒತ್ತಿ ಹಾಕು. ಆ ಮುಚ್ಚಳ ಇರುವುದೇ ಅದಕ್ಕೆ, ನೀನು ಕಿತ್ತು ಬಿಸಾಡಿರಲಿಕ್ಕೂ ಸಾಕು. ವಾಸನೆ ಜೋರಿದ್ದರೆ ಯಾವ ಶೌರ್ಯವೂ ಬೇಡ, ಮನೆಯವರನ್ನೆಲ್ಲ ಕರಕೊಂಡು ಹೊರಗೆ ನಡಿ.

ದೇವರ ದೀಪ ಆರಿಸಬಾರದು ಅಂತ ನಿನಗೆ ಕಲಿಸಿದ್ದು ನಾನೇ. ಈಗ ನಾನೇ ಹೇಳುತ್ತೇನೆ, ವಾಸನೆಯ ಸುಳಿವು ಸಿಕ್ಕ ಕೂಡಲೇ ದೇವರ ಕೋಣೆಗೆ ಹೋಗಿ ಹೂವಿನಿಂದ ದೀಪ ಶಾಂತ ಮಾಡು. 2024ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಅಯ್ಯಪ್ಪನ ಮಾಲೆ ಹಾಕಿದ್ದವರು ರಾತ್ರಿ ಮಲಗಿದ್ದಾಗ ಸೋರಿದ ಗ್ಯಾಸಿಗೆ ಬೆಂಕಿ ಹತ್ತಿತು. ಆಸ್ಪತ್ರೆಯಲ್ಲಿ ಒಬ್ಬರ ಹಿಂದೆ ಒಬ್ಬರು ಹೋದರು. ದಿನಾ ಪೇಪರ್ ಬಿಡಿಸಲು ಹೆದರುತ್ತಿದ್ದೆ ನಾನು. ಆವತ್ತಿನಿಂದ ಮಲಗುವ ಮುಂಚೆ ರೆಗ್ಯುಲೇಟರ್ ಮುಟ್ಟಿ ನೋಡದೆ ನನಗೆ ನಿದ್ದೆ ಬರುವುದಿಲ್ಲ. ಸ್ಟೌವಿನ ಕಿವಿ ತಿರುಗಿಸಿದರೆ ಸಾಲದು ಮಗಾ, ರೆಗ್ಯುಲೇಟರೇ ಆಫ್ ಆಗಬೇಕು.

ಹೊರಗೆ ಬಂದೆಯಲ್ಲ, ಈಗ ಫೋನ್ ತೆಗೆ. 1906. ಗ್ಯಾಸ್ ಸೋರಿಕೆಗೆಂದೇ ಇರುವ ನಂಬರು, ಹಗಲೂ ರಾತ್ರಿ ಇರುತ್ತದೆ. ಬೆಂಕಿಯೇ ಹತ್ತಿದ್ದರೆ 112. "ಈ ಹೊತ್ತಲ್ಲಿ ಯಾಕೆ ತೊಂದರೆ ಕೊಡೋದು, ಬೆಳಗಾಗಲಿ" ಅಂತ ನಮ್ಮವರಿಗೊಂದು ಸಂಕೋಚವಿದೆ. ಹೊನ್ನಾಳಿಯ ನಿನ್ನ ಚಿಕ್ಕಜ್ಜಿಗೆ ಅದು ಜಾಸ್ತಿ. ಯಾರನ್ನೂ ಕರೆಯಲು ಮನಸ್ಸಾಗದೆ, ಎಲ್ಲಿ ಸೋರುತ್ತಿದೆ ನೋಡೋಣ ಅಂತ ಟ್ಯೂಬಿನ ಪಕ್ಕ ಕಡ್ಡಿ ಗೀರಲು ಹೊರಟಿದ್ದಳು ಪುಣ್ಯಾತ್ಗಿತ್ತಿ. ನಾನು ಅಲ್ಲೇ ಇದ್ದೆ, ಕಡ್ಡಿಪೆಟ್ಟಿಗೆ ಕಿತ್ತುಕೊಂಡೆ. ಸೋರಿಕೆ ನೋಡಲು ಸೋಪಿನ ನೀರು ಸಾಕು. ಜಾಯಿಂಟಿಗೆ ಸವರಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಹೊಸ ಸಿಲಿಂಡರ್ ತರುವ ಹುಡುಗ ಎಷ್ಟೇ ಅವಸರದಲ್ಲಿರಲಿ, ಸಿಲಿಂಡರಿನ ಬಾಯಲ್ಲಿ ವಾಷರ್ ಸರಿಯಿದೆಯಾ ಅಂತ ಅವನ ಎದುರೇ ನೋಡಿಸು. ಗ್ಯಾಸ್ ಮುಗಿಯುತ್ತಾ ಬಂತೆಂದು ಸಿಲಿಂಡರ್ ಮಲಗಿಸುವುದು, ಬಿಸಿನೀರಿನಲ್ಲಿ ಕೂರಿಸುವುದು ಮಾಡಿದೆಯೋ, ಬಂದು ಕಿವಿ ಹಿಂಡುತ್ತೇನೆ.

ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಒಳಮುಖದಲ್ಲಿ ಒಂದು ಅಕ್ಷರ, ಒಂದು ಸಂಖ್ಯೆ ಇರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಡಿ ತನಕ. ಪಕ್ಕದ್ದು ಇಸವಿ. ಅಷ್ಟರೊಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಹಾಕಬೇಕು ಅಂತ ಅರ್ಥ. ಅವಧಿ ದಾಟಿದ್ದನ್ನು ಒಳಗೆ ಬಿಟ್ಟುಕೊಳ್ಳಬೇಡ. ಟ್ಯೂಬಿಗೂ ಆಯಸ್ಸಿದೆ, 5 ವರ್ಷ. ಒಳಗೆ ತಂತಿಯಿರುವ ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬೇ ಹಾಕಿಸು, ಇಲಿ ಹಲ್ಲಿಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ. ಮೇಲೆ ಬಟ್ಟೆ ಸುತ್ತಬೇಡ. ಸುತ್ತಿದ್ದರಿಂದಲೇ ನನಗೆ ಕಾಣದೇ ಹೋದದ್ದು.

ಈಗ ಮೊದಲು ಎದ್ದು ಹೋಗಿ ಆ ಮಡಚಿದ ಟ್ಯೂಬನ್ನು ನೆಟ್ಟಗೆ ಮಾಡು. ಅದರ ಮೈಮೇಲೆ ಯಾವ ಇಸವಿ ಒತ್ತಿದ್ದಾರೆ ನೋಡು. ಅದರ ಫೋಟೊ ಕಳಿಸು, ಅವಲಕ್ಕಿಯದು ಆಮೇಲೆ. ಕನ್ನಡಕ ಹಾಕಿಕೊಂಡು ಕಾಯುತ್ತಾ ಕೂತಿರುತ್ತೇನೆ.