ಮೂರು ಲಕ್ಷ ದಾಟಿದ ಬಿಲ್ಲು

ಗೊಬ್ಬೂರ, ಅಫಜಲಪುರ ಕಡೆಯವರಿಗೆ ದೊಡ್ಡ ದವಾಖಾನೆ ಅಂದರೆ ಕಲಬುರಗಿ, ಇಲ್ಲವೇ ಸೊಲ್ಲಾಪುರ. ರಿಟೈರ್ ಆದವರು ಆರೋಗ್ಯ ವಿಮೆ ಮಾಡಿಸುವಾಗ ಪ್ರೀಮಿಯಂ ಎಷ್ಟು, ಕವರ್ ಎಷ್ಟು ಎಂದು ವಿಚಾರಿಸುತ್ತಾರೆ. ನಾವು ನಿಜವಾಗಿ ಹೋಗುವ ದವಾಖಾನೆ ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿದೆಯೇ ಎಂದು ಮೊದಲು ಕೇಳಬೇಕು. ಬೆಂಗಳೂರಿನ ಹೆಸರುಗಳೇ ತುಂಬಿರುವ ಪಟ್ಟಿ ನಡುರಾತ್ರಿ ಎದೆನೋವು ಬಂದಾಗ ನಮಗೆ ಕೆಲಸಕ್ಕೆ ಬರುವುದಿಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ಪಿಂಚಣಿದಾರರು ಬಹುತೇಕ ಎಪಿಎಲ್. ಅವರಿಗೆ ಸಿಗುವುದು ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ಮಿಕ್ಕಿದ್ದನ್ನು ಯಾರು ಕಟ್ಟಬೇಕು?

ನನ್ನ, ನನ್ನ ಹೆಂಡತಿಯ ಹೆಸರಿನಲ್ಲಿ 3 ಲಕ್ಷದ ಹಳೆಯ ಪಾಲಿಸಿಯೊಂದಿತ್ತು. ಏಜೆಂಟ್ ಮನೆಗೆ ಬಂದು, "ಸರ್, ಇದು ಸಣ್ಣದದ, ಬಿಟ್ಟುಬಿಡ್ರಿ. ಹತ್ತು ಲಕ್ಷದ್ದು ಹೊಸದು ಮಾಡಿಸ್ರಿ" ಅಂದ. ನಾನು ಒಪ್ಪಲಿಲ್ಲ. ಇಬ್ಬರಿಗೂ ಶುಗರ್ ಇದೆ. ಹಳೆಯದನ್ನು ಬಿಟ್ಟು ಹೊಸದು ಕೊಂಡರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಬದಲಿಗೆ ಅದರ ಮೇಲೆ 10 ಲಕ್ಷದ ಸೂಪರ್ ಟಾಪ್‌ಅಪ್ ಹಾಕಿಸಿದೆ. ಅದಕ್ಕೂ ಕಾಯುವ ಅವಧಿ ಉಂಟು, ಆದರೆ ಅಲ್ಲಿಯತನಕ ಹಳೆಯದು ಕೈಯಲ್ಲಿರುತ್ತದೆ.

ಬರೀ ಟಾಪ್‌ಅಪ್ ಬೇರೆ, ಸೂಪರ್ ಟಾಪ್‌ಅಪ್ ಬೇರೆ. ಎರಡಕ್ಕೂ ಡಿಡಕ್ಟಿಬಲ್, ಅಂದರೆ ಮೊದಲು ನಾವೋ ಹಳೆಯ ಪಾಲಿಸಿಯೋ ಭರಿಸಬೇಕಾದ ಮೊತ್ತ, 3 ಲಕ್ಷ ಅಂತ ಇಟ್ಟುಕೊಳ್ಳಿ. ಒಂದೇ ವರ್ಷದಲ್ಲಿ ಮೊದಲು 2.2 ಲಕ್ಷದ ಬಿಲ್ಲು, ಆಮೇಲೆ 2 ಲಕ್ಷದ ಬಿಲ್ಲು ಬಂದರೆ ಟಾಪ್‌ಅಪ್ ಪೈಸೆ ಕೊಡುವುದಿಲ್ಲ. ಒಂದೊಂದೂ 3 ಲಕ್ಷದ ಒಳಗೇ ಇದೆಯಲ್ಲ! ಸೂಪರ್ ಟಾಪ್‌ಅಪ್ ವರ್ಷದ ಬಿಲ್ಲುಗಳನ್ನು ಕೂಡಿಸಿ ನೋಡುತ್ತದೆ. ಮೊದಲ 3 ಲಕ್ಷ ಹಳೆಯ ಪಾಲಿಸಿಗೆ, ಉಳಿದ 1.2 ಲಕ್ಷ ಇದಕ್ಕೆ. ವಯಸ್ಸಾದ ಮೇಲೆ ದವಾಖಾನೆ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಹಾಗಾಗಿ ನನ್ನ ಮತ ಸೂಪರ್‌ಗೇ.

ರೂಮ್ ಬಾಡಿಗೆಯ ಮಿತಿಯನ್ನೂ ಓದಿ. ನನ್ನ ತಮ್ಮನ ಪಾಲಿಸಿಯಲ್ಲಿ ಅದು ದಿನಕ್ಕೆ 3,000. ಅವನು ಹಿಡಿದದ್ದು 5,000ದ ರೂಮು. ಡಿಸ್ಚಾರ್ಜ್ ದಿನ ಕೌಂಟರಿನಲ್ಲಿ ಬಿಲ್ಲು ಬಿಡಿಸಿದರೆ ಬಾಡಿಗೆಯಷ್ಟೇ ಅಲ್ಲ, 40,000ದ ಸರ್ಜನ್ ಫೀಗೂ 24,000 ಮಾತ್ರ ಮಂಜೂರಾಗಿತ್ತು. ಬಾಡಿಗೆಯಲ್ಲಿ ಎಷ್ಟು ಪಾಲು ಕೊಡುತ್ತಾರೋ ಫೀಯಲ್ಲೂ ಅಷ್ಟೇ ಪಾಲು. ಔಷಧಿ, ಇಂಪ್ಲಾಂಟ್‌ಗೆ ಈ ಕಡಿತ ಇಲ್ಲ ಎಂಬುದೇ ಸಮಾಧಾನ. ಕೋ-ಪೇ ಶೇ. 20 ಎಂದಿದ್ದರೆ ಪ್ರತಿ ಲಕ್ಷಕ್ಕೆ 20,000 ನಿಮ್ಮ ಕಿಸೆಯಿಂದಲೇ.

ಈಚೆಗೆ ಕೆಲವು ನಿಯಮ ನಮ್ಮ ಪರವಾಗಿ ಬಂದಿವೆ. 65 ದಾಟಿದವರಿಗೂ ಈಗ ಹೊಸ ಪಾಲಿಸಿ ಕೊಡಬಹುದು. 60 ಮೀರಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ವಿಮಾ ಪ್ರಾಧಿಕಾರದ ಜೊತೆ ಸಮಾಲೋಚಿಸಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. 70 ದಾಟಿದವರಿಗೆ ಕೇಂದ್ರ 2024ರ ಅಕ್ಟೋಬರ್‌ನಲ್ಲಿ ಉಚಿತ ಚಿಕಿತ್ಸೆಯ ವಯ ವಂದನಾ ಕಾರ್ಡ್ ಘೋಷಿಸಿದೆ. ಅದನ್ನೇ ನಂಬಿ ಇರುವ ಪಾಲಿಸಿ ಬಿಡಬೇಡಿ, ನೀವು ಹೋಗುವ ದವಾಖಾನೆಯಲ್ಲಿ ಅದು ನಡೆಯುತ್ತದೆಯೇ ಎಂದು ಅಲ್ಲಿನ ಆರೋಗ್ಯಮಿತ್ರರನ್ನು (ಯೋಜನೆಯ ಸಹಾಯಕರನ್ನು) ಮೊದಲು ಕೇಳಿ.

ಫಾರ್ಮಿನಲ್ಲಿ ಬಿಪಿ, ಶುಗರ್ ಇದ್ದದ್ದನ್ನು ಇದ್ದಂಗೇ ಬರೆಸಿ. ಏಜೆಂಟ್ ಬೇಡವೆಂದರೂ ಬರೆಸಿ. ಪಾಲಿಸಿ ಕೈಗೆ ಬಂದ ಮೇಲೆ ಓದಿ ನೋಡಿ ಬೇಡವೆನ್ನಲು 30 ದಿನದ ಅವಕಾಶವಿದೆ.