ಕಾಣದ ತಡೆ

ಬಾಳೆಹೊನ್ನೂರಿನಿಂದ ಕೊಪ್ಪಕ್ಕಾಗಲಿ ಶೃಂಗೇರಿಗಾಗಲಿ ಹೋಗುವ ದಾರಿಯಲ್ಲಿ ವಾಹನದ ವೇಗಕ್ಕೆ ಕಡಿವಾಣ ಹಾಕುವುವು ಏರುಗಳು ಮತ್ತು ತಿರುವುಗಳು. ಅವು ಕಣ್ಣಿಗೆ ಕಾಣುವ ತಡೆಗಳು. ಏರೂ ತಿರುವೂ ಇಲ್ಲದ ಬಯಲಿನ ನೇರ ರಸ್ತೆಯಲ್ಲಿ ಮೋಟಾರು ಕಾರು ಎಷ್ಟು ವೇಗವಾಗಿ ಬೇಕಾದರೂ ಓಡಬಲ್ಲುದೇ? ಓಡಲಾರದು. ಅಲ್ಲಿ ಅದನ್ನು ತಡೆಯುವುದು ಕಾಣದ ಗಾಳಿ.

ಆಷಾಢದ ಮಳೆಗಾಳಿಗೆ ಎದುರಾಗಿ ಕೊಡೆ ಹಿಡಿದು ನಡೆಯುವ ಮಲೆನಾಡಿನ ಮಕ್ಕಳಿಗೆ ಈ ತಡೆಯ ಪರಿಚಯ ಉಂಟು. ಬಿಚ್ಚಿದ ಕೊಡೆಯನ್ನು ಗಾಳಿ ಹಿಂದಕ್ಕೆ ತಳ್ಳುತ್ತದೆ. ಮಡಿಸಿದೊಡನೆ ನಡಿಗೆ ಹಗುರಾಗುತ್ತದೆ. ಗಾಳಿ ಬೀಸಿ ನಮಗೆ ತಾಗಿದರೂ, ನಾವೇ ವೇಗವಾಗಿ ಹೋಗಿ ನಿಂತ ಗಾಳಿಗೆ ತಾಗಿದರೂ ಪರಿಣಾಮ ಒಂದೇ.

ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಅಷ್ಟೇ ಕಾಲದಲ್ಲಿ ಸಾಗುವ ದೂರವೂ ಇಮ್ಮಡಿಯಾಗುವುದರಿಂದ, ಅದನ್ನು ಗೆಲ್ಲಲು ಎಂಟುಮಡಿ ಅಶ್ವಶಕ್ತಿ ಬೇಕು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಳಿಯನ್ನು ಸೀಳಲು 2 ಅಶ್ವಶಕ್ತಿ ಸಾಕೆಂದು ಭಾವಿಸಿದರೆ, 80ಕ್ಕೆ 16, 160ಕ್ಕೆ 128 ಅಶ್ವಶಕ್ತಿ ಬೇಕಾಗುತ್ತದೆ. 1908ರಲ್ಲಿ ಹೊರಬಂದ ಫೋರ್ಡ್ ‘ಮಾಡೆಲ್ ಟಿ’ ಕಾರಿಗೆ ಇದ್ದುದು 20 ಅಶ್ವಶಕ್ತಿ. ನೆಟ್ಟನೆ ನಿಂತ ಮುಂಗಾಜು, ಹೊರಚಾಚಿದ ದೀಪಗಳು, ತೆರೆದ ಚಕ್ರಗಳು ಇವೆಲ್ಲ ಗಾಳಿಗೆ ಎದುರೊಡ್ಡಿದ್ದುವು. ಎಂಜಿನ್ನಿನ ಶಕ್ತಿಯೆಲ್ಲ ಗಾಳಿಯ ತಡೆಗೂ ಚಕ್ರಗಳ ಘರ್ಷಣೆಗೂ ವೆಚ್ಚವಾಗಿ, ಗಂಟೆಗೆ ಸುಮಾರು 70 ಕಿಲೋಮೀಟರಿಗೆ ಅದರ ಓಟ ಮುಗಿಯುತ್ತಿತ್ತು.

ಈ ತಡೆಯನ್ನು ಮೊದಲೇ ಮನಗಂಡವರೂ ಇದ್ದರು. 1899ರಲ್ಲಿ ಬೆಲ್ಜಿಯಮ್ಮಿನ ಕಮೀಲ್ ಜೆನಾಟ್ಸಿ ಗುಂಡಿನಾಕಾರದ ವಿದ್ಯುತ್ ಕಾರಿನಲ್ಲಿ ಗಂಟೆಗೆ 105.88 ಕಿಲೋಮೀಟರ್ ವೇಗ ಸಾಧಿಸಿ, ನೂರರ ಗಡಿಯನ್ನು ದಾಟಿದ ಮೊದಲಿಗನಾದನು. ಆದರೆ ಅವನು ಕುಳಿತದ್ದು ಕಾರಿನ ಮೇಲೆ, ನೆಟ್ಟಗೆ! ಕಾರಿನ ಒಡಲು ಗಾಳಿಗೆ ದಾರಿ ಬಿಟ್ಟಿತು. ಸಾರಥಿಯ ಎದೆಯೇ ಗೋಡೆಯಾಯಿತು. 1921ರಲ್ಲಿ ಎಡ್ಮಂಡ್ ರುಂಪ್ಲರ್ ಎಂಬ ಆಸ್ಟ್ರಿಯದ ಶಿಲ್ಪಿ ನೀರಹನಿಯಾಕಾರದ ಕಾರನ್ನು ಬರ್ಲಿನ್ನಿನಲ್ಲಿ ಪ್ರದರ್ಶಿಸಿದನು. ಜನ ಅದನ್ನು ಹೆಚ್ಚಾಗಿ ಕೊಳ್ಳಲಿಲ್ಲ. 1979ರಲ್ಲಿ ಗಾಳಿಸುರಂಗದಲ್ಲಿ ಪರೀಕ್ಷಿಸಿದಾಗ ಅದರ ತಡೆಯ ಗುಣಾಂಕ ಕೇವಲ 0.28 ಎಂದು ತಿಳಿದು ತಜ್ಞರು ಬೆರಗಾದರು. ಭದ್ರೆಯ ಹರಿವಿಗೆ ಎದುರಾಗಿ ಈಜುವ ಮೀನಿನ ಒಡಲೂ ಇದೇ ಪಾಠವನ್ನು ಹೇಳುತ್ತದೆ: ಎದುರು ನಿಂತು ಸೆಣಸುವುದಕ್ಕಿಂತ ನುಣ್ಣಗೆ ನುಸುಳುವುದು ಮೇಲು.

ಈ ನಿಯಮ ಇಂದಿಗೂ ಬದಲಾಗಿಲ್ಲ. 80ರ ವೇಗವನ್ನು 100ಕ್ಕೆ ಏರಿಸಿದರೆ, ಪ್ರತಿ ಕಿಲೋಮೀಟರಿಗೂ ಗಾಳಿಗೆ ತೆರಬೇಕಾದ ಸುಂಕ ಒಂದೂವರೆ ಪಟ್ಟನ್ನೂ ಮೀರುತ್ತದೆ. ಆ ಸುಂಕ ಸಲ್ಲುವುದು ಭೂಮಿಯೊಡಲಿನ ಮಿತವಾದ ತೈಲದಿಂದ. ವೇಗವನ್ನು ಬಯಸುವವನು ಅದರ ಬೆಲೆಯನ್ನೂ ಅರಿತಿರಬೇಕು.