ಕೇಟರಿಂಗ್ ಗಾಡಿಗೆ ಹೊಸ ಟಯರು: 'ಆಲ್ ಟೆರೈನ್' ನಮಗೆ ಬೇಕೇ?

ಅಕ್ಕಿ, ತೆಂಗಿನಕಾಯಿ, ಗ್ಯಾಸ್ ಇವುಗಳ ದರ ನಮ್ಮ ವೃತ್ತಿಬಾಂಧವರಿಗೆಲ್ಲ ಬಾಯಿಪಾಠ. ಗಾಡಿಯ ಟಯರಿನ ಮಾತು ಬಂದಾಗ ಮಾತ್ರ "ಅದನ್ನೆಲ್ಲ ಡ್ರೈವರ್ ನೋಡಿಕೊಳ್ಳುತ್ತಾನೆ" ಎಂದು ಬಿಡುತ್ತೇವೆ. ಡ್ರೈವರ್ ಅಂಗಡಿಯವನನ್ನು ಕೇಳುತ್ತಾನೆ. ಅಂಗಡಿಯವನು ತನ್ನಲ್ಲಿ ಇದ್ದುದನ್ನು ಹಾಕಿ ಕಳುಹಿಸುತ್ತಾನೆ. ಹನ್ನೆರಡೂವರೆಗೆ ಎಲೆ ಹಾಕಬೇಕಾದ ದಿನ ಸಾಂಬಾರಿನ ಪಾತ್ರೆ ಸಮೇತ ಗಾಡಿ ಪನ್ವೇಲ್ ದಾರಿಯಲ್ಲಿ ನಿಂತಾಗಲೇ ಯಜಮಾನರಿಗೆ ಟಯರಿನ ನೆನಪು.

ಇತ್ತೀಚೆಗೆ ಪಿಕಪ್ ಗಾಡಿಗಳಿಗೆ 'ಆಲ್ ಟೆರೈನ್' ಅಥವಾ ಎ.ಟಿ. ಟಯರು ಹಾಕಿಸುವ ಹುಮ್ಮಸ್ಸು ಕಾಣುತ್ತಿದೆ. ದಪ್ಪ ದಪ್ಪ ಗಟ್ಟೆಗಳ ಟಯರು ನೋಡಲು ಚೆಂದ, ಕೆಸರಿನಲ್ಲೂ ಹೋಗುತ್ತದೆ ಎಂಬ ಧೈರ್ಯ ಬೇರೆ. ಈ ಪಾಠದಲ್ಲಿ ಅದನ್ನೇ ವಿಚಾರಿಸೋಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಗಾಡಿಗೆ ಮೊದಲು ನೋಡಬೇಕಾದದ್ದು ಭಾರ, ಕೆಸರು ಆಮೇಲೆ.

ಪರೇಲ್‌ನಿಂದ ಹೊರಡುವ ಗಾಡಿಯ ದಿನಚರಿ ನೋಡಿ. ಬೆಳಿಗ್ಗೆ ಭೋಯಿವಾಡಾ, ಲಾಲ್‌ಬಾಗ್ ಕಡೆಯ ಗಲ್ಲಿಗಳಲ್ಲಿ ಪೇವರ್ ಬ್ಲಾಕಿನ ಮೇಲೆ ಕುಲುಕಾಟ. ಅಂಬೇಡ್ಕರ್ ರಸ್ತೆಗೆ ಬಂದರೆ ಕಾಂಕ್ರೀಟು, ಸಿಗ್ನಲ್ಲಿಗೊಮ್ಮೆ ಬ್ರೇಕು. 2025ರ ಸೆಪ್ಟೆಂಬರಿನಲ್ಲಿ ಎಲ್ಫಿನ್‌ಸ್ಟನ್ ಸೇತುವೆಯನ್ನು ಕೆಡವಲೆಂದು ಮುಚ್ಚಿದ ಮೇಲೆ ಪಶ್ಚಿಮಕ್ಕೆ ದಾಟುವವರಿಗೆ ಸುತ್ತು ಹೆಚ್ಚಾಯಿತು. ಇನ್ನೊಂದು ಕಡೆ, 2024ರ ಜನವರಿಯಲ್ಲಿ ಅಟಲ್ ಸೇತು ತೆರೆದಂದಿನಿಂದ ಶಿವಡಿಯಲ್ಲಿ ಏರಿದರೆ 21.8 ಕಿಲೋಮೀಟರು ಎಲ್ಲಿಯೂ ನಿಲ್ಲದೆ ಓಡಿ ನ್ಹಾವಾ ಶೇವಾ ಕಡೆ ಇಳಿಯಬಹುದು. ಉರಣ್, ಅಲಿಬಾಗ್, ಕರ್ಜತ್ ಕಡೆಯ ಫಾರ್ಮ್‌ಹೌಸ್ ಆರ್ಡರು ಹಿಡಿಯುವವರಿಗೆ ಅನುಕೂಲವೇನೋ ಆಯಿತು. ಆದರೆ ತುಂಬಿದ ಗಾಡಿ ಬಿಸಿಲಲ್ಲಿ ಒಂದೇ ವೇಗದಲ್ಲಿ ಓಡುವಾಗ ಟಯರು ಎಷ್ಟು ಕಾಯುತ್ತದೆ ಎಂಬುದನ್ನು ಯಾರೂ ಕೈಯಿಟ್ಟು ನೋಡುವುದಿಲ್ಲ. ಗಾಳಿ ಕಡಿಮೆ, ಭಾರ ಜಾಸ್ತಿ, ವೇಗವೂ ಜಾಸ್ತಿ. ಈ ಮೂರು ಒಟ್ಟು ಸೇರಿದಲ್ಲಿ ಟಯರು ಒಡೆಯುತ್ತದೆ.

ಭಾರದ ಲೆಕ್ಕ

ಐನೂರು ಎಲೆಯ ಒಂದು ಊಟಕ್ಕೆ ಸಾಮಾನು ಏರಿಸಿದೆವು ಎನ್ನಿ. ವಾಣಿಜ್ಯ ಸಿಲಿಂಡರಿನಲ್ಲಿ ಗ್ಯಾಸ್ 19 ಕಿಲೋ, ಕಬ್ಬಿಣ ಸೇರಿ ಸುಮಾರು 36 ಕಿಲೋ. ನಾಲ್ಕು ಸಿಲಿಂಡರಿಗೆ 145 ಕಿಲೋ ಆಯಿತು. ಇಪ್ಪತ್ತು ಲೀಟರಿನ ನೀರಿನ ಜಾರು 25 ಹಾಕಿದರೆ ನೀರೇ 500 ಕಿಲೋ. ದೊಡ್ಡ ಪಾತ್ರೆಗಳು, ಒಲೆ, ಗ್ರೈಂಡರ್ ಸೇರಿ 200, ದಿನಸಿ ತರಕಾರಿ 250 ಎಂದು ಅಂದಾಜು ಹಿಡಿಯಿರಿ. ಹೆಚ್ಚುಕಡಿಮೆ 1,100 ಕಿಲೋ ಬಂತು. ಟಾಟಾ ಏಸ್‌ನಂತಹ ಚಿಕ್ಕ ಗಾಡಿ ಹೊರುವುದು ಮುಕ್ಕಾಲು ಟನ್ನಿನ ಸುತ್ತಮುತ್ತ. ಅಂದರೆ ಇದು ಆ ಗಾಡಿಯ ಕೆಲಸವೇ ಅಲ್ಲ, ಯಾವ ಟಯರು ಹಾಕಿದರೂ ಅಲ್ಲ. ಎರಡು ಟ್ರಿಪ್ಪು ಮಾಡಬೇಕು, ಇಲ್ಲವೇ ನೀರನ್ನು ಅಲ್ಲಿಯೇ ತರಿಸಬೇಕು. ಮೇಲಿಂದ ಬಡಿಸುವ ಹುಡುಗರನ್ನೂ ಹಿಂದೆ ಕೂರಿಸುವವರಿದ್ದಾರೆ. ಸರಕಿನ ಗಾಡಿಯಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ. ಬಿಸಿ ಎಣ್ಣೆಯ ಬಾಣಲೆ, ಸಿಲಿಂಡರುಗಳ ನಡುವೆ ಹುಡುಗರು ಕೂತಿರುವಾಗ ಟಯರು ಒಡೆದರೆ ಏನಾದೀತು ಎಂಬುದನ್ನು ವಿವರಿಸಬೇಕಾಗಿಲ್ಲ. ಅವರಿಗೆ ಲೋಕಲ್ ರೈಲಿನ ಟಿಕೆಟು ತೆಗೆದುಕೊಡಿ.

ಅದೇ ಸಾಮಾನನ್ನು ದೊಡ್ಡ ಪಿಕಪ್ಪಿಗೆ ಏರಿಸೋಣ. ಗಾಡಿಯ ಸ್ವಂತ ತೂಕ 1,700 ಕಿಲೋ ಎಂದಿಟ್ಟುಕೊಂಡರೆ ಒಟ್ಟು 2,800. ತುಂಬಿದ ಪಿಕಪ್ಪಿನಲ್ಲಿ ಭಾರ ನಾಲ್ಕು ಚಕ್ರಕ್ಕೆ ಸಮನಾಗಿ ಹಂಚಿಹೋಗುವುದಿಲ್ಲ, ಬಹುಪಾಲು ಹಿಂದಕ್ಕೆ ಬೀಳುತ್ತದೆ. ಹಿಂದಿನ ಆಕ್ಸೆಲಿಗೆ 1,800 ಕಿಲೋ ಬಂದರೆ ಒಂದೊಂದು ಹಿಂದಿನ ಟಯರು ಹೊರಬೇಕಾದದ್ದು 900 ಕಿಲೋ. ಈ 900ನ್ನು ನೆನಪಿಡಿ, ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಟಯರಿನ ಪಕ್ಕ ಓದುವುದು

ಒಂದು ಬಟ್ಟೆ, ಒಂದು ಟಾರ್ಚು ಹಿಡಿದು ನಿಮ್ಮ ಗಾಡಿಯ ಬಳಿ ಕುಳಿತುಕೊಳ್ಳಿ. ಚಿಕ್ಕ ಗಾಡಿಯಾದರೆ '145 ಆರ್ 12 ಎಲ್‌ಟಿ 8 ಪಿಆರ್' ಎಂಬಂತೆ ಬರೆದಿರುತ್ತದೆ. 145 ಎಂದರೆ ಅಗಲ, ಮಿಲಿಮೀಟರಿನಲ್ಲಿ. ಆರ್ ಎಂದರೆ ರೇಡಿಯಲ್. 12 ಎಂದರೆ ರಿಮ್ಮಿನ ಇಂಚು. ಎಲ್‌ಟಿ ಎಂದರೆ ಲೈಟ್ ಟ್ರಕ್, ಹೊರೆ ಹೊರಲೆಂದೇ ಮಾಡಿದ ಟಯರು. 8 ಪಿಆರ್ ಎಂದರೆ ಒಳಗೆ ಎಂಟು ಪದರ ಇದೆ ಎಂದಲ್ಲ, ಹಳೆಯ ಕಾಲದ ಎಂಟು ಪದರದ ಟಯರಿನಷ್ಟು ಬಲ ಇದೆ ಎಂದರ್ಥ.

ಅದರ ಪಕ್ಕದಲ್ಲಿ 106/104 ಎಂಬಂತಹ ಅಂಕೆ ಇರುತ್ತದೆ, ಇದು ಲೋಡ್ ಇಂಡೆಕ್ಸ್. 106 ಎಂದರೆ ಆ ಒಂದು ಟಯರು 950 ಕಿಲೋ ಹೊರಬಲ್ಲದು. ಎರಡನೆಯ ಅಂಕೆ ಜೋಡಿ ಚಕ್ರದ ಗಾಡಿಗೆ, 104ಕ್ಕೆ 900 ಕಿಲೋ. ಅಂಕೆ 100 ಆದರೆ 800 ಕಿಲೋ ಮಾತ್ರ. ಕೊನೆಯ ಅಕ್ಷರ ವೇಗಕ್ಕೆ ಸಂಬಂಧಿಸಿದ್ದು: ಎನ್ ಎಂದರೆ ಗಂಟೆಗೆ 140, ಕ್ಯೂ ಎಂದರೆ 160, ಆರ್ ಎಂದರೆ 170 ಕಿಲೋಮೀಟರು. ನಮ್ಮ ಗಾಡಿಗಳಿಗೆ ವೇಗದ ಅಕ್ಷರ ಅಷ್ಟು ಮುಖ್ಯವಲ್ಲ.

ಈಗ ನಮ್ಮ 900 ಕಿಲೋ ಲೆಕ್ಕಕ್ಕೆ ಬನ್ನಿ. 106ರ ಟಯರಿನಲ್ಲಿ 50 ಕಿಲೋ ಉಳಿತಾಯ ಇದೆ. ಅಂಗಡಿಯವನು ಜೀಪಿನ 215/75 ಆರ್ 15 ಎ.ಟಿ. ಟಯರು ತೋರಿಸಿ "ರಿಮ್ಮು ಒಂದೇ ಸೇಟ್, ಆರಾಮವಾಗಿ ಕೂರುತ್ತದೆ" ಎನ್ನುತ್ತಾನೆ. ಕೂರುವುದು ನಿಜ. ಆದರೆ ಅದರ ಲೋಡ್ ಇಂಡೆಕ್ಸ್ 100 ಇದ್ದರೆ ಮೊದಲ ದಿನದಿಂದಲೇ ಪ್ರತಿ ಹಿಂದಿನ ಟಯರಿನ ಮೇಲೆ 100 ಕಿಲೋ ಅಧಿಕ. ಜೀಪಿನ ಟಯರಿನ ಪಕ್ಕ ಮೆತ್ತಗೆ ಇರುತ್ತದೆ, ಎಲ್‌ಟಿ ಟಯರಿಗೆ ತುಂಬುವಷ್ಟು ಗಾಳಿಯನ್ನು ಅದಕ್ಕೆ ತುಂಬಲಾಗದು. ತಿರುವಿನಲ್ಲಿ ಗಾಡಿ ವಾಲುತ್ತದೆ, ಒಳಗಿನ ಸಾರು ಒಂದು ಕಡೆಗೆ ಸರಿದು ಅದನ್ನು ಇನ್ನಷ್ಟು ವಾಲಿಸುತ್ತದೆ. ಪೇಟೆಯಲ್ಲಿ ಹೆಸರು ಮಾಡಿದ ಎ.ಟಿ. ಟಯರುಗಳಲ್ಲಿ ಹೆಚ್ಚಿನವು ಜೀಪು, ಎಸ್‌ಯುವಿಗಳಿಗೆಂದೇ ಮಾಡಿದವು. ಕೆಲವೇ ಅಳತೆಗಳಲ್ಲಿ ಎಲ್‌ಟಿ ಸಿಗುತ್ತದೆ. ಸಿಕ್ಕಿದರೆ ಮಾತ್ರ ಮುಂದಿನ ಮಾತು.

ಗುರುತಿಸಲು ಇನ್ನೊಂದು ಸುಲಭ ದಾರಿ ಇದೆ. 2009ರ ಸರ್ಕಾರಿ ಆದೇಶದ ಬಳಿಕ ಟಯರಿಗೆ ಐಎಸ್ಐ ಮುದ್ರೆ ಕಡ್ಡಾಯವಾಯಿತು. ಮುದ್ರೆಯ ಜೊತೆಗಿನ ಸಂಖ್ಯೆ ನೋಡಿ. ಐಎಸ್ 15633 ಎಂದಿದ್ದರೆ ಕಾರಿನ ವರ್ಗದ ಟಯರು, ಐಎಸ್ 15636 ಎಂದಿದ್ದರೆ ವಾಣಿಜ್ಯ ವಾಹನದ್ದು. ಅಂಗಡಿಯವನ ಜೊತೆ ವಾದಕ್ಕೆ ಇಳಿಯುವ ಅಗತ್ಯವೇ ಬೀಳುವುದಿಲ್ಲ.

ಎ.ಟಿ. ಯಾರಿಗೆ?

ಎ.ಟಿ. ಟಯರಿನ ಗಟ್ಟೆಗಳ ನಡುವೆ ಅಗಲವಾದ ಜಾಗ ಇರುತ್ತದೆ. ಕೆಸರು ಅದರೊಳಗೆ ತುಂಬಿ, ಚಕ್ರ ತಿರುಗಿದಂತೆ ಹೊರಗೆ ಎಸೆಯಲ್ಪಡುತ್ತದೆ. ಸಾದಾ ಟಯರಿನ ಸಣ್ಣ ಗೆರೆಗಳಲ್ಲಿ ಕೆಸರು ಕಚ್ಚಿಕೊಂಡು ಟಯರು ಮಣ್ಣು ಮೆತ್ತಿದ ಹಲಗೆಯಂತಾಗುತ್ತದೆ, ಚಕ್ರ ನಿಂತಲ್ಲೇ ಸುತ್ತುತ್ತದೆ. ಇಷ್ಟು ಅದರ ಲಾಭ. ನಷ್ಟವೂ ಆ ಜಾಗದಿಂದಲೇ. ಕಾಂಕ್ರೀಟಿನ ಮೇಲೆ ನೆಲಕ್ಕೆ ತಾಗುವ ರಬ್ಬರು ಕಡಿಮೆ, ಗಟ್ಟೆಗಳು ಅಲುಗಾಡಿ ಬೇಗ ಸವೆಯುತ್ತವೆ, ಸದ್ದು ಮಾಡುತ್ತವೆ, ಡೀಸೆಲ್ ಹೆಚ್ಚು ಕುಡಿಸುತ್ತವೆ. ಒದ್ದೆ ರಸ್ತೆಯಲ್ಲಿ ಬ್ರೇಕು ಒತ್ತಿದಾಗ ಸಾಮಾನ್ಯವಾಗಿ ಹೆದ್ದಾರಿ ಟಯರಿನಷ್ಟು ಬೇಗ ನಿಲ್ಲುವುದಿಲ್ಲ.

ಆದ್ದರಿಂದ ಆರ್ಡರ್ ಪುಸ್ತಕ ತೆಗೆದು ಕಳೆದ ವರ್ಷದ ಜೂನ್‌ನಿಂದ ಅಕ್ಟೋಬರ್‌ವರೆಗೆ ನೋಡಿ. ಡಾಂಬರು ಬಿಟ್ಟು ಮಣ್ಣಿಗೆ ಇಳಿದ ದಿನ ಎಷ್ಟು? ಬಹುತೇಕ ಸದಸ್ಯರಿಗೆ ಉತ್ತರ ಕೈಬೆರಳೆಣಿಕೆಯಷ್ಟು. ಆಟಿ ತಿಂಗಳಲ್ಲಿ ನಮ್ಮವರ ಶುಭಕಾರ್ಯವೇ ಇಲ್ಲ. ಗಣೇಶೋತ್ಸವದ ಆರ್ಡರುಗಳು ಹೆಚ್ಚಾಗಿ ನಗರದೊಳಗಿನವು. ಅಂಥವರು ಸಾದಾ ಎಲ್‌ಟಿ ರೇಡಿಯಲ್ ಹಾಕಿಸಿಕೊಂಡು ಗಾಡಿಯಲ್ಲಿ ಎರಡು ಹಲಗೆ, ನಾಲ್ಕು ಗೋಣಿಚೀಲ, ಒಂದು ಗಟ್ಟಿ ಹಗ್ಗ ಇಟ್ಟುಕೊಂಡರೆ ಸಾಕು. ಮಳೆಗಾಲದಲ್ಲಿಯೂ ವಾರಕ್ಕೆರಡು ಸಲ ಕರ್ಜತ್, ಮುರ್ಬಾಡ್ ಕಡೆ ತೋಟದ ಮನೆಗಳಿಗೆ ಹೋಗುವವರು ಹಿಂದಿನ ಎರಡಕ್ಕೆ ಮಾತ್ರ ಎಲ್‌ಟಿ ವರ್ಗದ ಎ.ಟಿ. ಅಥವಾ ಲಗ್ ಮಾದರಿ ಹಾಕಿಸಿ, ಮುಂದಕ್ಕೆ ಉದ್ದಗೆರೆಯ ರಿಬ್ ಮಾದರಿಯನ್ನೇ ಉಳಿಸಿಕೊಳ್ಳಬಹುದು. ಸಾಮಾನ್ಯ ಪಿಕಪ್ಪುಗಳಲ್ಲಿ ಎಂಜಿನಿನ ಬಲ ಹೋಗುವುದು ಹಿಂದಿನ ಚಕ್ರಗಳಿಗೆ. ಒಂದೇ ಆಕ್ಸೆಲಿನಲ್ಲಿ ಎಡಕ್ಕೊಂದು ಬಲಕ್ಕೊಂದು ಮಾದರಿ ಮಾತ್ರ ಬೇಡ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿಯಾದರೆ ನಾಲ್ಕೂ ಒಂದೇ ಅಳತೆ, ಒಂದೇ ಮಾದರಿ ಇರಲಿ.

ಇಲ್ಲೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಗಾಡಿ ಹೂತುಹೋಗುವುದು ಹೋಗುವಾಗಲ್ಲ, ಬರುವಾಗ. ಹೋಗುವಾಗ ಹಿಂದೆ ಭಾರ ಇರುತ್ತದೆ, ಚಕ್ರ ನೆಲ ಕಚ್ಚುತ್ತದೆ. ಊಟ ಮುಗಿದು ಖಾಲಿ ಗಾಡಿ ಮೈದಾನದಿಂದ ಹೊರಡುವಾಗ ಹಿಂಭಾಗ ಹಗುರ, ಚಕ್ರ ಸುತ್ತಿದಲ್ಲೇ ಸುತ್ತುತ್ತದೆ. ಗ್ರೈಂಡರು, ಒಲೆ, ದೊಡ್ಡ ಪಾತ್ರೆಗಳನ್ನು ಮೊದಲು ಏರಿಸಿ, ಹಿಂದಿನ ಆಕ್ಸೆಲಿನ ನೇರಕ್ಕೆ ಕಟ್ಟಿಸಿ, ಆಮೇಲೆ ಗಾಡಿ ಚಾಲೂ ಮಾಡಿಸಿ.

ಅಳತೆ ಹೆಚ್ಚಿಸುವ ಆಸೆ

ಎ.ಟಿ. ಜೊತೆಗೆ ಒಂದು ನಂಬರು ದೊಡ್ಡದು ಹಾಕಿಸುವ ಚಪಲವೂ ಇದೆ. 195/80 ಆರ್ 15 ಟಯರಿನ ಎತ್ತರ ಸುಮಾರು 693 ಮಿ.ಮೀ. 235/75 ಆರ್ 15 ಹಾಕಿದರೆ ಸುಮಾರು 733. ಶೇಕಡಾ ಆರರಷ್ಟು ದೊಡ್ಡದು. ಮೀಟರು 60 ತೋರಿಸುವಾಗ ಗಾಡಿ 63ರ ಮೇಲೆ ಓಡುತ್ತಿರುತ್ತದೆ, ಘಾಟಿ ಏರುವಾಗ ಗೇರು ಎಳೆಯುವುದಿಲ್ಲ, ಸ್ಟೇರಿಂಗ್ ತಿರುಗಿಸಿದಾಗ ಟಯರು ಮಡ್‌ಗಾರ್ಡಿಗೆ ಉಜ್ಜಬಹುದು. ನಮ್ಮದು ವಾಣಿಜ್ಯ ನೋಂದಣಿಯ ಗಾಡಿ. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷವರ್ಷವೂ ಫಿಟ್‌ನೆಸ್ ಆಗಬೇಕು. ಕಂಪನಿ ಕೊಟ್ಟ ಅಳತೆ ಬಿಟ್ಟರೆ ಅಲ್ಲಿ ತಕರಾರು, ಅಪಘಾತವಾದರೆ ವಿಮೆಯವರಿಂದಲೂ ತಕರಾರು.

ಹಿಂದ್‌ಮಾತಾದ ನೀರು

ಎ.ಟಿ. ಹಾಕಿದರೆ ನೀರಿನಲ್ಲಿ ಹೋಗಬಹುದು ಎಂಬುದು ತಪ್ಪು ತಿಳುವಳಿಕೆ. ಟಯರಿಗೆ ನೆಲದ ಹಿಡಿತ ಕೊಡಲು ಬರುತ್ತದೆ, ಎಂಜಿನಿಗೆ ಉಸಿರು ಕೊಡಲು ಬರುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದ ದಿನ ನಗರದಲ್ಲಿ ನಿಂತುಹೋದ ಗಾಡಿಗಳಲ್ಲಿ ಒಳ್ಳೆಯ ಟಯರಿನವೂ ಇದ್ದವು. ಪಾಲಿಕೆಯವರು ಪರೇಲ್‌ನ ಸೇಂಟ್ ಝೇವಿಯರ್ ಮೈದಾನದಡಿ ಮತ್ತು ದಾದರ್‌ನ ಪ್ರಮೋದ್ ಮಹಾಜನ್ ಉದ್ಯಾನದಡಿ ನೀರಿನ ಟ್ಯಾಂಕಿ ಕಟ್ಟಿದ ಮೇಲೆ ಹಿಂದ್‌ಮಾತಾದಲ್ಲಿ ನೀರು ಬೇಗ ಇಳಿಯುತ್ತದೆ, ಆದರೂ ಭರತಿಯ ಹೊತ್ತಿನ ದೊಡ್ಡ ಮಳೆಯನ್ನು ನಂಬುವಂತಿಲ್ಲ. ಚಕ್ರದ ನಡು ಮುಳುಗುವಷ್ಟು ನೀರಿದ್ದರೆ ಗಾಡಿ ಇಳಿಸಬೇಡಿ. ಇಳಿಸಲೇಬೇಕಾಗಿ ಬಂದಿದ್ದರೆ ಮಾರನೆಯ ದಿನ ಬೇರಿಂಗಿನ ಗ್ರೀಸು ನೋಡಿಸಿ.

ಮಳೆಗೆ ನಿಜವಾಗಿ ಬೇಕಾದದ್ದು ಗೆರೆಯ ಆಳ. ಗೆರೆಗಳ ನಡುವೆ ಇರುವ ಸಣ್ಣ ಉಬ್ಬು 1.6 ಮಿ.ಮೀ. ಎತ್ತರದ್ದು, ಟಯರು ಅಲ್ಲಿಯವರೆಗೆ ಸವೆದರೆ ಕಾನೂನಿನ ಪ್ರಕಾರ ಅದರ ಆಯುಷ್ಯ ಮುಗಿಯಿತು. ಮುಂಬಯಿ ಮಳೆಗೆ ನಾನಾದರೆ 3 ಮಿ.ಮೀ.ನಲ್ಲೇ ಬದಲಿಸುತ್ತೇನೆ, ಅದೂ ಮೇ ತಿಂಗಳಲ್ಲೇ. ಆಟಿಯಲ್ಲಿ ಪುರುಸೊತ್ತಿದೆ ಎಂದು ಅಲ್ಲಿಯವರೆಗೆ ಕಾದರೆ ಅರ್ಧ ಮಳೆಗಾಲ ಬೋಳು ಟಯರಿನಲ್ಲಿ ಕಳೆದಿರುತ್ತದೆ.

ವಯಸ್ಸು ಮತ್ತು ಹಣ

ನಮ್ಮ ಗಾಡಿಗಳು ಓಡುವುದು ಕಡಿಮೆ, ನಿಲ್ಲುವುದು ಜಾಸ್ತಿ. ಹಾಗಾಗಿ ಟಯರು ಸವೆಯುವ ಮೊದಲೇ ಮುದಿಯಾಗುತ್ತದೆ. ಪಕ್ಕದಲ್ಲಿ ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕೆ ಇರುತ್ತವೆ. 2224 ಎಂದರೆ 2024ರ 22ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ, ಪಕ್ಕದಲ್ಲಿ ಕೂದಲೆಳೆಯ ಬಿರುಕು ಕಂಡರೆ, ಗೆರೆ ಎಷ್ಟೇ ಇರಲಿ ತೆಗೆಸಿ. ಸ್ಟೆಪ್ನಿಯ ಅಂಕೆಯನ್ನೂ ನೋಡಿ, ಹೆಚ್ಚಾಗಿ ಅದೇ ಎಲ್ಲಕ್ಕಿಂತ ಹಳತು. ಬೋಳು ಟಯರಿಗೆ ಗೆರೆ ಕೊರೆದು, ಕಪ್ಪು ಪಾಲಿಶು ಹಚ್ಚಿ ಸೆಕೆಂಡ್‌ಹ್ಯಾಂಡ್ ಎಂದು ಮಾರುವುದುಂಟು. ಕೊರೆದ ಗೆರೆಯ ತಳದಲ್ಲಿ ಉಳಿದಿರುವ ರಬ್ಬರು ಕಾಗದದಷ್ಟು. ಅದರ ಆಸೆ ಬೇಡ. ಒಳ್ಳೆಯ ಕಾರ್ಖಾನೆಯ ರೀಟ್ರೆಡ್ ಬೇರೆ ಮಾತು, ಆದರೂ ಅದನ್ನು ಮುಂದಿನ ಚಕ್ರಕ್ಕೆ ಹಾಕಬೇಡಿ.

2025ರ ಸೆಪ್ಟೆಂಬರ್ 22ರಿಂದ ಹೊಸ ಟಯರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. 5,000 ರೂಪಾಯಿ ಮೂಲಬೆಲೆಯ ಟಯರು ಮೊದಲು 6,400 ಆಗುತ್ತಿತ್ತು, ಈಗ 5,900. ನಾಲ್ಕಕ್ಕೆ ಎರಡು ಸಾವಿರ ಉಳಿತಾಯ. ಶೇ. 5ರ ದರದಲ್ಲಿ ಕೇಟರಿಂಗ್ ತೆರಿಗೆ ಕಟ್ಟುವ ನಮಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲವಾದ್ದರಿಂದ ಇದು ನೇರ ನಮ್ಮ ಜೇಬಿಗೇ ಬರುವ ಹಣ. ಹಾಗೆಂದು ಬಿಲ್ಲಿಲ್ಲದೆ ಕೊಳ್ಳಬೇಡಿ, ಬಿಲ್ಲಿಲ್ಲದಿದ್ದರೆ ಕಂಪನಿಯ ವಾರಂಟಿ ಕೇಳಲು ಬರುವುದಿಲ್ಲ.

ಹಾಕಿಸಿದ ದಿನವೇ ಟಯರು ತಣ್ಣಗಿರುವಾಗ ಗಾಳಿ ತುಂಬಿಸಿ. ಎಷ್ಟು ಎಂಬುದಕ್ಕೆ ಟಯರಿನ ಮೇಲೆ ಬರೆದ ಗರಿಷ್ಠ ಅಂಕೆಯನ್ನು ನೋಡಬೇಡಿ, ಗಾಡಿಯ ಸ್ಟಿಕ್ಕರು ಅಥವಾ ಪುಸ್ತಕದಲ್ಲಿ ತುಂಬಿದ ಗಾಡಿಗೆಂದು ಕೊಟ್ಟ ಅಂಕೆಯನ್ನು ನೋಡಿ. ಎರಡೇ ಹೊಸ ಟಯರು ಕೊಂಡಿದ್ದರೆ ಅವು ಹಿಂದಕ್ಕೆ ಹೋಗಲಿ. ಅಲೈನ್‌ಮೆಂಟ್ ಮಾಡಿಸಿ. ಐವತ್ತು ನೂರು ಕಿಲೋಮೀಟರು ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಲು ಡ್ರೈವರಿಗೆ ಹೇಳಿ, ಬಿಗಿಸಿದನೋ ಇಲ್ಲವೋ ಎಂದು ನೀವೇ ನೋಡಿ.